ಯಜಮಾನನಿಗೂ ಅಪ್ಪಣೆ

ಮನೆಯ ಯಜಮಾನನಿಗೆ ಮನೆಯಲ್ಲಿ ನಿಜವಾಗಿ ಎಷ್ಟು ಅಧಿಕಾರವಿರುತ್ತದೆಂಬುದು ಅನುಭವಸ್ಥರಿಗೆ ತಿಳಿದ ವಿಷಯ. ಕಂದಾಯದ ರಸೀತಿ ಅವನ ಹೆಸರಿನಲ್ಲಿರುತ್ತದೆ. ಲಗ್ನಪತ್ರಿಕೆಗಳು ಅವನ ಹೆಸರಿಗೇ ಬರುತ್ತವೆ. ಬೀದಿಬಾಗಿಲಿನ ಹಲಗೆಯ ಮೇಲೆ ಅವನ ಹೆಸರೇ ಶೋಭಿಸುತ್ತಿರುತ್ತದೆ. ಆದರೆ ಅಡುಗೆಯ ಮನೆಯ ಗೂಡಿನಲ್ಲಿರುವ ಸಾರಿನ ಪುಡಿಯ ಡಬ್ಬಿಯನ್ನು ಒಂದು ಗೇಣು ಆಚೆಗೆ ಸರಿಸುವ ಅಧಿಕಾರ ಅವನಿಗಿಲ್ಲ. ಸರಿಸಿದರೆ ಏನಾಗುತ್ತದೆಂದು ಯಾರೂ ಬರೆದು ಗೋಡೆಗೆ ಅಂಟಿಸಿರುವುದಿಲ್ಲ. ಆದರೂ ಅವನು ಸರಿಸುವುದಿಲ್ಲ. ಹೇಳದೆಯೇ ತಿಳಿದು ನಡೆಯುವುದರಿಂದಲೇ ಸಂಸಾರಗಳು ಸುಸೂತ್ರವಾಗಿ ಸಾಗುತ್ತಿವೆ.

ಕಂಪ್ಯೂಟರಿಗೆ ಈ ದಾಕ್ಷಿಣ್ಯ ತಿಳಿಯದು. ಅದು ಹೇಳಬೇಕಾದುದನ್ನು ಮುಖದ ಮೇಲೆಯೇ ಹೇಳಿಬಿಡುತ್ತದೆ. ಯಜಮಾನನು ಸ್ವಂತ ಹಣ ತೆತ್ತು ಅದನ್ನು ತಂದಿದ್ದಾನೆ. ಅದು ಕುಡಿಯುವ ವಿದ್ಯುತ್ತಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದಾನೆ. ಪ್ರತಿದಿನ ಬೆಳಗ್ಗೆ ಮೆತ್ತನೆಯ ಬಟ್ಟೆಯಿಂದ ಅದರ ಧೂಳೊರೆಸುತ್ತಾನೆ. ಅಂತಹ ಯಂತ್ರವು ಒಂದು ದಿನ, "ಪ್ರವೇಶವಿಲ್ಲ, ಈ ಕೆಲಸಕ್ಕೆ ಸಾಕಾಗುವಷ್ಟು ಅಧಿಕಾರ ನಿಮಗಿಲ್ಲ" ಎಂದುಬಿಟ್ಟರೆ ಅವನ ಮನಸ್ಸಿಗೆ ಹೇಗಾಗಬೇಡ!

ಮೈಸೂರಿನ ಒಂದು ಬಡಾವಣೆಯಲ್ಲಿರುವ ವೃದ್ಧ ಗೃಹಸ್ಥರೊಬ್ಬರಿಗೆ ಆದುದು ಹೀಗೆಯೇ. ಅವರು ಜಿಲ್ಲಾ ಖಜಾನೆಯಲ್ಲಿ ಬಹುಕಾಲ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರ ಸಹಿಯಿಲ್ಲದೆ ಒಂದು ಕಾಲಕ್ಕೆ ಸರಕಾರದ ಹಣ ಒಂದು ಕಾಸೂ ಕದಲುತ್ತಿರಲಿಲ್ಲ. ಕೆಲವು ದಿನಗಳಿಂದ ಅವರ ಮನೆಯ ಕಂಪ್ಯೂಟರು ಏದುಸಿರು ಬಿಡುತ್ತಿದ್ದಿತು. ಒಂದೆರಡು ಫೈಲುಗಳು ತೆರೆಯುವುದೇ ಇಲ್ಲವೆಂದು ಹಟ ಹಿಡಿದಿದ್ದವು. ಬೆಂಗಳೂರಿನಲ್ಲಿರುವ ಸೋದರಳಿಯನನ್ನು ದೂರವಾಣಿಯಲ್ಲಿ ಕೇಳಲಾಗಿ ಅವನು, "ಡಿಸ್ಕಿನಲ್ಲಿ ದೋಷವಿರಬಹುದು ಮಾವ, ಚೆಕ್‌ಡಿಸ್ಕ್ ನಡೆಸಿ ನೋಡಿ" ಎಂದನು. ಅವನು ಹೇಳಿದಂತೆ ಅವರು ತೆರೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು, ಬೇಕಾದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದರು. ಮೇಲೆ ಹೇಳಿದ ಉತ್ತರ ಬಂದಿತು.

ಅವರು ಕನ್ನಡಕವನ್ನು ಒರೆಸಿಕೊಂಡು ಇನ್ನೊಮ್ಮೆ ಓದಿದರು. ಸಂದೇಹವಿರಲಿಲ್ಲ. "ನನ್ನ ಯಂತ್ರ, ನನ್ನ ಮೇಜು, ನನಗೇ ಅಧಿಕಾರವಿಲ್ಲವಂತೆ!" ಎಂದು ಅವರು ಗಟ್ಟಿಯಾಗಿ ಹೇಳಿದ್ದು ಒಳಗೆ ಹೂ ಕಟ್ಟುತ್ತಿದ್ದ ಮಡದಿಗೆ ಕೇಳಿಸಿತು. ಆಕೆ ತಲೆಯೆತ್ತದೆಯೇ ಅಂದರು: "ಅದಕ್ಕೇನಂತೆ? ನೀವು ಈ ಮನೆಯ ಯಜಮಾನರೇ. ಹಾಗೆಂದು ಮಡಿಯುಡದೆ ದೇವರ ಸಂಪುಟ ಮುಟ್ಟುತ್ತೀರಾ?"

ಸೋದರಳಿಯನು ಅರ್ಧ ಗಂಟೆಯ ತನಕ ವಿವರಿಸಿದರೂ ಸ್ಪಷ್ಟವಾಗದ ವಿಷಯ ಈ ಒಂದು ಮಾತಿನಿಂದ ಸ್ಪಷ್ಟವಾಯಿತು. ಮಡಿಯುಡುವ ಮೊದಲು ಇದ್ದವನೂ ಮಡಿಯುಟ್ಟ ಮೇಲೆ ಇರುವವನೂ ಒಬ್ಬನೇ. ಆದರೆ ಮಾಡಬಹುದಾದ ಕೆಲಸಗಳು ಬೇರೆ. ವಿಂಡೋಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಅಡ್ಮಿನಿಸ್ಟ್ರೇಟರ್, ಎಂದರೆ ಆಡಳಿತಗಾರ, ಎಂಬ ಪದವಿಯುಳ್ಳವನು ಒಳಕ್ಕೆ ಬಂದಾಗ ಯಂತ್ರವು ಅವನ ಹೆಸರಿನಲ್ಲಿ ಎರಡು ಚೀಟಿಗಳನ್ನು ಬರೆದಿಡುತ್ತದೆ. ಒಂದರಲ್ಲಿ ಸಾಮಾನ್ಯ ಬಳಕೆದಾರನ ಅಧಿಕಾರ ಮಾತ್ರ. ಇನ್ನೊಂದರಲ್ಲಿ ಪೂರ್ಣ ಅಧಿಕಾರ. ದಿನದ ಓದು ಬರಹ, ಲೆಕ್ಕಪತ್ರ, ಚಿತ್ರ ಸಂಗೀತಗಳೆಲ್ಲವೂ ಮೊದಲನೆಯ ಚೀಟಿಯಿಂದಲೇ ನಡೆಯುತ್ತವೆ. ಎರಡನೆಯದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮಗುಟದಂತೆ. ಅದು ಬೇಕಾದರೆ ಕೇಳಿ ಪಡೆಯಬೇಕು. ಆ ಕಪ್ಪು ಕಿಟಕಿಯ ಹೆಸರಿನ ಮೇಲೆ ಮೌಸಿನ ಬಲಗಡೆಯ ಗುಂಡಿಯನ್ನು ಒತ್ತಿ, 'ಅಡ್ಮಿನಿಸ್ಟ್ರೇಟರ್ ಆಗಿ ನಡೆಸು' ಎಂಬುದನ್ನು ಆರಿಸಿದರೆ, ಸುತ್ತಲಿನ ತೆರೆಯೆಲ್ಲ ಮಂಕಾಗಿ ನಡುವೆ ಒಂದು ಪ್ರಶ್ನೆ ಮೂಡುತ್ತದೆ: ಈ ಕಾರ್ಯಕ್ರಮವು ಯಂತ್ರದಲ್ಲಿ ಬದಲಾವಣೆ ಮಾಡಲು ನಿಮ್ಮ ಒಪ್ಪಿಗೆ ಉಂಟೆ? ತೆರೆ ಮಂಕಾಗುವುದು ಬರಿಯ ಅಲಂಕಾರಕ್ಕಲ್ಲ. ಆ ಹೊತ್ತಿನಲ್ಲಿ ಬೇರೆ ಯಾವ ಕಾರ್ಯಕ್ರಮವೂ ಮನುಷ್ಯನ ಪರವಾಗಿ ತಾನೇ 'ಹೌದು' ಎಂದು ಗುಂಡಿಯೊತ್ತದಂತೆ ಯಂತ್ರವು ಉಳಿದವರನ್ನೆಲ್ಲ ಹೊರಗೆ ನಿಲ್ಲಿಸಿರುತ್ತದೆ.

ಗೃಹಸ್ಥರು 'ಹೌದು' ಎಂದರು. ಚೆಕ್‌ಡಿಸ್ಕ್ ನಡೆಯಿತು. ದೋಷವಿದೆಯೆಂದೂ ಹೇಳಿತು. ಆದರೆ ತಿದ್ದಲು ಹೇಳಿದಾಗ, "ಈ ಡಿಸ್ಕು ಈಗ ಬಳಕೆಯಲ್ಲಿದೆ, ಮುಂದಿನ ಸಲ ಯಂತ್ರ ಆರಂಭವಾಗುವಾಗ ನೋಡಲೆ?" ಎಂದು ಕೇಳಿತು. ಅಧಿಕಾರ ದೊರೆತ ಮೇಲೂ ಇದೇನು ಹೊಸ ತಕರಾರೆಂದು ಅವರಿಗೆ ಅನಿಸಿರಬಹುದು. ಆದರೆ ಮನೆಮಂದಿಯೆಲ್ಲ ನಡುಮನೆಯಲ್ಲಿ ಊಟಕ್ಕೆ ಕುಳಿತಿರುವಾಗ ಅದೇ ನೆಲದ ಕಲ್ಲನ್ನು ಕೀಳಿಸುವುದುಂಟೆ? ಎಲ್ಲರೂ ಎದ್ದು ಹೋದ ಮೇಲೆ, ಮತ್ತೆ ಬಂದು ಕೂರುವುದಕ್ಕೆ ಮುಂಚೆ, ಕೆಲಸ ಮುಗಿಸಬೇಕು. ಯಂತ್ರ ಕೇಳಿದ್ದೂ ಅಷ್ಟೇ.

ಇಷ್ಟಕ್ಕೂ ಡಿಸ್ಕನ್ನು ಮುಟ್ಟುವ ಕೆಲಸಕ್ಕೇ ಈ ಮಡಿ ಏಕೆ? ಡಿಸ್ಕಿನ ಒಳಗಿನ ಏರ್ಪಾಡನ್ನು ತಿಳಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಡಿಸ್ಕೆಂಬುದು ಒಂದು ವಿಶಾಲವಾದ ಹೊಲವೆನ್ನಬಹುದು. ಅದನ್ನು ಸೆಕ್ಟರುಗಳೆಂಬ ಸಣ್ಣ ಪಾತಿಗಳಾಗಿ ಮಾಡಿರುತ್ತಾರೆ. ಒಂದೊಂದು ಪಾತಿಯ ಅಳತೆ ಹಳೆಯ ಡಿಸ್ಕುಗಳಲ್ಲಿ ೫೧೨ ಬೈಟುಗಳು, ಹೊಸವುಗಳಲ್ಲಿ ೪,೦೯೬. ಯಾವ ಫೈಲು ಯಾವ ಯಾವ ಪಾತಿಗಳಲ್ಲಿ ಇದೆ, ಅದು ಯಾರದು, ಯಾರು ಓದಬಹುದು, ಯಾರು ತಿದ್ದಬಹುದು ಎಂಬುದೆಲ್ಲ ಅದೇ ಡಿಸ್ಕಿನ ಮೇಲಿರುವ ಒಂದು ಖಾತೆ ಪುಸ್ತಕದಲ್ಲಿ ಬರೆದಿರುತ್ತದೆ. ಡಿಸ್ಕನ್ನು ಭಾಗ ಮಾಡಿದ್ದರೆ ಎಲ್ಲಿಂದ ಎಲ್ಲಿಗೆ ಯಾವ ಭಾಗವೆಂಬ ನಕ್ಷೆಯೂ ಮೊದಲಲ್ಲೇ ಇರುತ್ತದೆ.

ಹಿಂದಿನ ಕಾಲದ ಹಳ್ಳಿಯನ್ನು ನೆನೆದುಕೊಳ್ಳಬೇಕು. ಹೊಲದೊಡೆಯನು ತನ್ನ ಹೊಲದಲ್ಲಿ ರಾಗಿಯನ್ನಾದರೂ ಬಿತ್ತಲಿ, ಹುರುಳಿಯನ್ನಾದರೂ ಬಿತ್ತಲಿ, ಕೇಳುವವರಿಲ್ಲ. ಆದರೆ ಸರ್ವೆಯ ಕಲ್ಲನ್ನು ಅವನು ಕಿತ್ತು ನೆಡುವಂತಿಲ್ಲ. ಶಾನುಭೋಗರ ದಫ್ತರದಲ್ಲಿ ತಾನೇ ಲೇಖನಿ ಹಿಡಿದು ಒಂದು ಅಂಕಿಯನ್ನೂ ತಿದ್ದುವಂತಿಲ್ಲ. ಹೊಲ ಅವನದೇ, ಆದರೆ ಆ ಕಲ್ಲು, ಆ ದಫ್ತರ ಇವೆರಡನ್ನು ನಂಬಿಕೊಂಡೇ ಪಕ್ಕದವನ ಹೊಲವೂ ಇರುತ್ತದೆ. ಸಾಮಾನ್ಯ ಕಾರ್ಯಕ್ರಮಗಳು ಖಾತೆ ಪುಸ್ತಕವನ್ನು ಕೇಳಿ, ಅದು ತೋರಿಸಿದ ಪಾತಿಗೆ ಹೋಗುತ್ತವೆ. ಡಿಸ್ಕಿನ ಉಪಕರಣಗಳಾದರೋ ಪುಸ್ತಕವನ್ನೇ ತಿದ್ದುತ್ತವೆ, ಕಲ್ಲನ್ನೇ ಕೀಳುತ್ತವೆ. ಫೈಲುಗಳ ಬೀಗಗಳೆಲ್ಲ ಆ ಪುಸ್ತಕದಲ್ಲಿ ಬರೆದ ಬರಹಗಳೇ ಆದುದರಿಂದ, ನೇರವಾಗಿ ಪಾತಿಗೆ ಕೈಯಿಕ್ಕುವವನಿಗೆ ಅವು ಅಡ್ಡ ಬರುವುದಿಲ್ಲ. ತಾಯಿಯ ಪತ್ರ, ಮಗಳ ದಿನಚರಿ, ತಂದೆಯ ಲೆಕ್ಕ ಎಲ್ಲವೂ ಅವನ ಕಣ್ಣಿಗೆ ಒಂದೇ. ಅಳಿಸಿದರೆ ಎಲ್ಲವೂ ಒಂದೇ ಏಟಿಗೆ ಹೋಗುತ್ತವೆ. ಒಳಗಿನ ಬಾಗಿಲುಗಳಲ್ಲಿ ತಡೆಯಲಾಗದವನನ್ನು ಹೆಬ್ಬಾಗಿಲಿನಲ್ಲಿಯೇ ನಿಲ್ಲಿಸಿ, ಯಾರೆಂದು ಕೇಳಬೇಕಾಗುತ್ತದೆ.

ಈ ಕಾವಲು ಮೊದಲು ಹುಟ್ಟಿದ್ದು ಮನೆಗಳಲ್ಲಲ್ಲ, ಹಲವರು ಸೇರಿ ಒಂದು ಯಂತ್ರವನ್ನು ಬಳಸುತ್ತಿದ್ದ ವಿದ್ಯಾಲಯಗಳಲ್ಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ ೧೯೬೧ರಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲದಲ್ಲಿ ಬಳಸುವ ಏರ್ಪಾಡನ್ನು ಮಾಡಿ ತೋರಿಸಿದರು. ಅದರಲ್ಲಿ ಪ್ರತಿಯೊಬ್ಬನಿಗೂ ಗುಟ್ಟಿನ ಪಾಸ್‌ವರ್ಡು ಉಂಟು. ಆಡಳಿತದ ಕೈಯಲ್ಲಿ ಎಡವಟ್ಟಾದರೆ ಏನಾಗುವುದೆಂಬುದೂ ಅಲ್ಲಿಯೇ ೧೯೬೬ರಲ್ಲಿ ಕಂಡುಬಂದಿತು. ಆಡಳಿತದ ಇಬ್ಬರು ಒಂದೇ ಹೊತ್ತಿನಲ್ಲಿ ಫೈಲುಗಳನ್ನು ತಿದ್ದುತ್ತಿದ್ದರು. ಒಬ್ಬರ ಕೈಯಲ್ಲಿ ಅಂದಿನ ಸೂಚನಾಪತ್ರ, ಇನ್ನೊಬ್ಬರ ಕೈಯಲ್ಲಿ ಪಾಸ್‌ವರ್ಡುಗಳ ಪಟ್ಟಿ. ಆಡಳಿತದ ಕೊಠಡಿಯಲ್ಲಿ ಒಂದು ಹೊತ್ತಿಗೆ ಒಬ್ಬನೇ ಕೆಲಸ ಮಾಡುತ್ತಾನೆಂದು ನಂಬಿ ಬರೆದಿದ್ದ ತಿದ್ದುವ ಕಾರ್ಯಕ್ರಮವು ಎರಡನ್ನೂ ಅದಲುಬದಲು ಮಾಡಿತು. ಆಮೇಲೆ ಯಂತ್ರದೊಳಕ್ಕೆ ಬಂದವರಿಗೆಲ್ಲ ಸೂಚನಾಪತ್ರದ ಬದಲು ಎಲ್ಲರ ಗುಟ್ಟೂ ಓದಸಿಕ್ಕಿತು! ಕಳ್ಳನಾರೂ ಬಂದಿರಲಿಲ್ಲ, ಅಧಿಕಾರವುಳ್ಳ ಸಜ್ಜನರಿಂದಲೇ ಈ ಅನಾಹುತವಾಗಿತ್ತು.

ಮುಂದೆ ೧೯೬೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಯೂನಿಕ್ಸ್ ವ್ಯವಸ್ಥೆ ಆರಂಭವಾಯಿತು. ಅದರಲ್ಲಿ 'ರೂಟ್' ಎಂಬ ಒಬ್ಬ ಸರ್ವಾಧಿಕಾರಿಯುಂಟು. ಅವನ ಸಂಖ್ಯೆ ಸೊನ್ನೆ. ಅವನಿಗೆ ಫೈಲುಗಳ ತಡೆ ಇಲ್ಲ. ೧೯೭೫ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಪ್ರಬಂಧವೊಂದರಲ್ಲಿ ಒಂದು ನಿಯಮವನ್ನು ಮುಂದಿಟ್ಟರು: ಯಾವ ಕಾರ್ಯಕ್ರಮವಾಗಲಿ, ಯಾವ ಮನುಷ್ಯನಾಗಲಿ, ಕೈಯಲ್ಲಿರುವ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟರಿಂದಲೇ ಕೆಲಸ ಮಾಡಬೇಕು. ಇಂದಿಗೂ ಈ ವಿದ್ಯೆಗೆ ಅದು ಮೊದಲ ಪಾಠವಾಗಿದೆ.

ಆದರೆ ಮನೆಯ ಕಂಪ್ಯೂಟರು ಬಂದಾಗ ಈ ಪಾಠವನ್ನು ಯಾರೂ ನೆನೆಯಲಿಲ್ಲ. ೧೯೮೧ರಲ್ಲಿ ಬಂದ ಡಾಸ್ ವ್ಯವಸ್ಥೆಯಲ್ಲಿ ಬಳಕೆದಾರನೆಂಬ ಭೇದವೇ ಇರಲಿಲ್ಲ. ಯಂತ್ರದ ಮುಂದೆ ಕುಳಿತವನೇ ದೊರೆ. ಕುಳಿತವನಷ್ಟೇ ಅಲ್ಲ, ಅವನು ಒಳಗೆ ಬಿಟ್ಟುಕೊಂಡ ಪ್ರತಿಯೊಂದು ಕಾರ್ಯಕ್ರಮವೂ ದೊರೆಯೇ. ೧೯೮೬ರಲ್ಲಿ ಲಾಹೋರಿನ ಸಹೋದರರಿಬ್ಬರು ಬರೆದ 'ಬ್ರೇನ್' ಎಂಬ ವೈರಸ್ಸು ಫ್ಲಾಪಿ ಡಿಸ್ಕಿನ ಮೊಟ್ಟಮೊದಲ ಪಾತಿಯನ್ನೇ ಹಿಡಿದು ಕುಳಿತು, ಅಲ್ಲಿದ್ದುದನ್ನು ಬೇರೆ ಕಡೆಗೆ ಸಾಗಹಾಕಿ, ಆ ಜಾಗವು ಕೆಟ್ಟುಹೋಗಿದೆಯೆಂದು ಗುರುತು ಹಾಕುತ್ತಿತ್ತು. ಬೇಲಿಯಿಲ್ಲದ ಹೊಲಕ್ಕೆ ದನ ನುಗ್ಗಿತೆಂದು ಆಶ್ಚರ್ಯಪಡುವಂತಿರಲಿಲ್ಲ.

ಬೇಲಿ ಬರಲು ಬಹಳ ಕಾಲ ಹಿಡಿಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅಧಿಕಾರದ ಭೇದಗಳಿದ್ದರೂ ಮನೆಗಳಲ್ಲಿ ಬಹುಮಂದಿ ಸದಾ ಅಡ್ಮಿನಿಸ್ಟ್ರೇಟರಾಗಿಯೇ ಇರುತ್ತಿದ್ದರು; ಅಂದರೆ ಮಾರುಕಟ್ಟೆಗೆ ಹೋಗುವಾಗಲೂ ಖಜಾನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತಿದ್ದರು. ೨೦೦೭ರ ಜನವರಿ ೩೦ರಂದು ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಮೊದಲ ಸಲ ಆ ಮಂಕುತೆರೆಯ ಪ್ರಶ್ನೆ ಕಾಣಿಸಿಕೊಂಡಿತು. ಅದು ಎಷ್ಟೊಂದು ಸಲ ಕೇಳುತ್ತಿತ್ತೆಂದರೆ ಜನ ಬೇಸತ್ತುಹೋದರು. ೨೦೦೯ರ ವಿಂಡೋಸ್ ೭ರಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಬೇಕಾಯಿತು. ಅತಿಯಾಗಿ ಕೇಳಿದರೂ ಕೇಡೇ. ಬಾಗಿಲಲ್ಲಿ ನಿಂತ ಕಾವಲುಗಾರನು ಹೆಜ್ಜೆಹೆಜ್ಜೆಗೂ "ಯಾರು?" ಎಂದರೆ, ಒಳಗಿನವರು ನೋಡದೆಯೇ "ಬಿಡಪ್ಪ, ಬಿಡು" ಎನ್ನುವುದು ಅಭ್ಯಾಸವಾಗುತ್ತದೆ. ಆಗ ಕಳ್ಳನಿಗೂ ಅದೇ ಉತ್ತರ ದೊರೆಯುತ್ತದೆ.

ಕಾವಲುಗಾರನ ಪ್ರಶ್ನೆಗೆ ಇನ್ನೂ ಒಂದು ಮಿತಿಯಿದೆ. ಅದನ್ನು ಆ ಗೃಹಸ್ಥರು ಕೆಲವು ವಾರಗಳ ನಂತರ ಕಂಡುಕೊಂಡರು.

ಅವರ ಅತ್ತೆಯವರು ಹಸೆಯ ಹಾಡು, ಆರತಿಯ ಹಾಡುಗಳನ್ನು ಹಾಡುವುದರಲ್ಲಿ ಹೆಸರಾಗಿದ್ದ ಹೆಂಗಸು. ಆಕೆ ತೀರಿಕೊಂಡು ಬಹಳ ವರ್ಷಗಳಾದುವು. ಆಕೆಯ ಕಂಠದ ಹಾಡುಗಳು ಕ್ಯಾಸೆಟ್ಟುಗಳಲ್ಲಿದ್ದು, ಅವು ಬೂಷ್ಟು ಹಿಡಿದು ಹಾಳಾಗುವುದಕ್ಕೆ ಮುಂಚೆ ಹೇಗೋ ಕಂಪ್ಯೂಟರಿಗೆ ಇಳಿದು, ಒಂದು ಹೊರಡಿಸ್ಕಿನಲ್ಲಿ ಭದ್ರವಾಗಿದ್ದುವು. ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಮೊಮ್ಮಗಳ ಮದುವೆ ಹತ್ತಿರವಾದಾಗ ಅವನ್ನು ಪೆನ್ ಡ್ರೈವ್ ಒಂದಕ್ಕೆ ತುಂಬಿ ಮಗಳ ಮನೆಗೆ ಕಳುಹಿಸಬೇಕೆಂದಾಯಿತು. ಮನೆಯಲ್ಲಿದ್ದ ಹಳೆಯ ಪೆನ್ ಡ್ರೈವ್ ಏನು ಮಾಡಿದರೂ ಒಪ್ಪಲಿಲ್ಲ. ಅದನ್ನು ಪೂರ್ಣವಾಗಿ ಅಳಿಸಿ ಹೊಸದಾಗಿ ಸಿದ್ಧಮಾಡಬೇಕೆಂದೂ, ಅದಕ್ಕೆ ಡಿಸ್ಕ್‌ಪಾರ್ಟ್ ಎಂಬ ಉಪಕರಣವಿದೆಯೆಂದೂ ಸೋದರಳಿಯನು ತಿಳಿಸಿ, ಆಜ್ಞೆಗಳನ್ನು ಬರೆದು ಕಳುಹಿಸಿದನು. ಹಿಂದಿನ ವಾರ ಅವನ ಎದುರಿಗೇ ನೋಡಿದಾಗ ಆ ಪೆನ್ ಡ್ರೈವಿನ ಸಂಖ್ಯೆ ೧ ಎಂದಿತ್ತು. ಗೃಹಸ್ಥರು ಅದನ್ನು ಕಾಗದದ ಮೂಲೆಯಲ್ಲಿ ಗುರುತು ಹಾಕಿಕೊಂಡಿದ್ದರು.

ಆ ದಿನ ಮಂಕುತೆರೆಯ ಪ್ರಶ್ನೆ ಬಂದಿತು; ಅವರು 'ಹೌದು' ಎಂದರು. ಕಾವಲು ಅಲ್ಲಿಗೆ ಮುಗಿಯಿತು. ಅವರು 'ಡಿಸ್ಕ್ ೧'ನ್ನು ಆರಿಸಿದರು. ಆರಿಸಲಾಗಿದೆಯೆಂದು ಯಂತ್ರ ವಿನಯದಿಂದ ಉತ್ತರಿಸಿತು. ಇನ್ನು ಉಳಿದದ್ದು 'ಕ್ಲೀನ್' ಎಂಬ ಒಂದೇ ಮಾತು. ಮನೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಹೊರಟರೆ ಯಂತ್ರವು ಎಚ್ಚರಿಸಿ ಮರುಪ್ರಶ್ನೆ ಹಾಕುತ್ತದೆ. 'ಕ್ಲೀನ್' ಹಾಗಲ್ಲ. "ನಿಜವಾಗಿಯೂ ಅಳಿಸಲೆ?" ಎಂದು ಅದು ಕೇಳುವುದಿಲ್ಲ; ಹೇಳಿದ ಕ್ಷಣವೇ ಮಾಡಿ ಮುಗಿಸುತ್ತದೆ.

ಅವರ ಕೈ ನಿಂತಿತು. ಯಂತ್ರವು ನಿಲ್ಲಿಸಿದ್ದಲ್ಲ, ಮೂವತ್ತು ವರ್ಷಗಳ ಅಭ್ಯಾಸ ನಿಲ್ಲಿಸಿತು. ಜಿಲ್ಲಾ ಖಜಾನೆಯ ಭದ್ರ ಕೊಠಡಿಗೆ ಜೋಡಿ ಬೀಗ; ಒಂದರ ಕೈ ಖಜಾನಾಧಿಕಾರಿಗಳಲ್ಲಿ, ಇನ್ನೊಂದರ ಕೈ ಖಜಾಂಚಿಯಲ್ಲಿ. ಇಬ್ಬರೂ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ತೆರೆದ ಮೇಲೂ ಒಬ್ಬರು ಓದಬೇಕು, ಇನ್ನೊಬ್ಬರು ಎಣಿಸಬೇಕು. ಒಬ್ಬರೇ ಓದಿ ಒಬ್ಬರೇ ಎಣಿಸಿದ ಲೆಕ್ಕವನ್ನು ಅವರು ತಮ್ಮ ಸೇವೆಯಲ್ಲಿ ಎಂದೂ ಒಪ್ಪಿದವರಲ್ಲ.

ಅವರು ಮಡದಿಯನ್ನು ಕರೆದರು. ಡಿಸ್ಕುಗಳ ಪಟ್ಟಿಯನ್ನು ತೆರೆಯ ಮೇಲೆ ತರಿಸಿ, "ಇದನ್ನು ಸ್ವಲ್ಪ ಗಟ್ಟಿಯಾಗಿ ಓದು" ಎಂದರು. ಆಕೆ ಕನ್ನಡಕವನ್ನೇರಿಸಿಕೊಂಡು ಬೆರಳಿಟ್ಟು ಓದಿದರು: "ಒಂದನೆಯದು ೯೩೧ ಅಂತ ಇದೆ. ಎರಡನೆಯದು ೧೪."

ಒಂದು ಟೆರಾಬೈಟಿನ ಡಿಸ್ಕನ್ನು ವಿಂಡೋಸ್ ೯೩೧ ಗಿಗಾಬೈಟೆಂದು ತೋರಿಸುತ್ತದೆ. ೧೬ ಗಿಗಾಬೈಟಿನ ಪೆನ್ ಡ್ರೈವನ್ನು ೧೪ ಎಂದು. ಹಾಡುಗಳನ್ನು ಇಳಿಸಬೇಕೆಂದು ಆ ದಿನ ಹೊರಡಿಸ್ಕನ್ನು ಮೊದಲೇ ಚುಚ್ಚಿಟ್ಟಿದ್ದರು. ಅದಕ್ಕೆ ೧ನೆಯ ಸಂಖ್ಯೆ ಹೋಗಿ, ಪೆನ್ ಡ್ರೈವ್ ೨ನೆಯದಾಗಿತ್ತು. ಈ ಸಂಖ್ಯೆಗಳು ಹಣೆಬರಹವೇನಲ್ಲ. ಆಯಾ ಹೊತ್ತಿಗೆ ಏನೇನು ಜೋಡಿಸಿದೆಯೋ ಅದರಂತೆ ಬದಲಾಗುತ್ತವೆ. ಗೃಹಸ್ಥರು ಆರಿಸಿಟ್ಟದ್ದು ಅತ್ತೆಯವರ ಕಂಠವಿದ್ದ ಡಿಸ್ಕನ್ನು.

ಆ ಒಂದು ಮಾತನ್ನು ಒತ್ತಿದ್ದರೆ ಹಾಡುಗಳು ಆ ಕ್ಷಣವೇ ಪಾತಿಗಳಿಂದ ಅಳಿಸಿಹೋಗುತ್ತಿರಲಿಲ್ಲವೆಂಬುದು ದಿಟ. ಆರಂಭದ ನಕ್ಷೆ ಮಾತ್ರ ಹೋಗುತ್ತಿತ್ತು. ನುರಿತವರ ಕೈಗೆ ಕೊಟ್ಟರೆ ಕೆಲವು ಸಲ ಹಿಂದಕ್ಕೆ ದೊರೆಯುವುದೂ ಉಂಟು. ಅದೇ ಆಜ್ಞೆಯ ಜೊತೆಗೆ 'ಆಲ್' ಎಂಬ ಇನ್ನೊಂದು ಮಾತು ಸೇರಿದ್ದರೆ ಪ್ರತಿಯೊಂದು ಪಾತಿಯಲ್ಲಿಯೂ ಸೊನ್ನೆ ತುಂಬಿ, ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ಮಡದಿಗೆ ಇದಾವುದೂ ತಿಳಿದಿರಲಿಲ್ಲ. ಆಕೆ, "ಸರಿಯಾಗಿದೆಯೆ?" ಎಂದರು. "ಈಗ ಸರಿಯಾಯಿತು" ಎಂದು ಅವರು ಕಿಟಕಿಯನ್ನು ಮುಚ್ಚಿದರು. ಮರುದಿನ ಹೊಸ ಡಿಸ್ಕೊಂದು ಮನೆಗೆ ಬಂದು, ಮೊದಲು ಹಾಡುಗಳ ಇನ್ನೊಂದು ಪ್ರತಿಯಾಯಿತು. ಆಮೇಲೆ ಉಳಿದೆಲ್ಲ ಡಿಸ್ಕುಗಳನ್ನು ಕಿತ್ತಿಟ್ಟು ಪೆನ್ ಡ್ರೈವಿನ ಕೆಲಸವಾಯಿತು.

ಅಪ್ಪಣೆ ಕೇಳುವ ಯಂತ್ರವು 'ನೀನು ಯಾರು?' ಎಂದಷ್ಟೇ ಕೇಳಬಲ್ಲುದು. 'ನೀನು ಮಾಡುತ್ತಿರುವುದು ಸರಿಯೆ?' ಎಂದು ಕೇಳಲಾರದು. ಎರಡನೆಯ ಪ್ರಶ್ನೆಯನ್ನು ಮನುಷ್ಯನು ತನಗೆ ತಾನೇ ಹಾಕಿಕೊಳ್ಳಬೇಕು, ಇಲ್ಲವೇ ಪಕ್ಕದಲ್ಲಿರುವವರಿಂದ ಹಾಕಿಸಿಕೊಳ್ಳಬೇಕು. ಅಧಿಕಾರ ಕೈಗೆ ಬಂದ ಮರುಕ್ಷಣ ಕೇಳುವವರಾರೂ ಇರುವುದಿಲ್ಲವಾದುದರಿಂದ, ಎಚ್ಚರ ಹೆಚ್ಚಾಗಬೇಕಾದುದು ಅಪ್ಪಣೆ ಪಡೆಯುವ ಮೊದಲಿಗಿಂತ ಪಡೆದ ಮೇಲೆಯೇ. ಆ ಮಂಕುತೆರೆಯ ಪ್ರಶ್ನೆಯಿಂದ ಕಿರಿಕಿರಿಗೊಂಡು ಅದನ್ನು ಶಾಶ್ವತವಾಗಿ ನಿಲ್ಲಿಸಿಬಿಡುವವರೂ ಇದ್ದಾರೆ. ಹಾಗೆ ಮಾಡಿದವರು ತಮಗೆ ಸ್ವಾತಂತ್ರ್ಯ ದೊರೆಯಿತೆಂದು ಭಾವಿಸುತ್ತಾರೆ. ದೊರೆತದ್ದು ಅವರೊಬ್ಬರಿಗೇ ಅಲ್ಲ, ಅವರ ಯಂತ್ರದೊಳಕ್ಕೆ ನುಸುಳುವ ಪ್ರತಿಯೊಬ್ಬನಿಗೂ.

ಹಾಗೆ ನೋಡಿದರೆ ಅಡ್ಮಿನಿಸ್ಟ್ರೇಟರೂ ಕೊನೆಯ ಒಡೆಯನಲ್ಲ. ವಿಸ್ಟಾದ ಕಾಲದಿಂದ ವಿಂಡೋಸಿನ ಮುಖ್ಯವಾದ ಎಷ್ಟೋ ಫೈಲುಗಳು 'ಟ್ರಸ್ಟೆಡ್ ಇನ್‌ಸ್ಟಾಲರ್' ಎಂಬ ಬೇರೊಂದು ಹೆಸರಿನ ಒಡೆತನದಲ್ಲಿವೆ. ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ೨೦೧೫ರಿಂದ ಸರ್ವಾಧಿಕಾರಿಯಾದ ರೂಟನಿಗೂ ಕೆಲವು ಭಾಗಗಳನ್ನು ಮುಟ್ಟಗೊಡುವುದಿಲ್ಲ. ಯಾರ ಕೈಯಲ್ಲಿಯೂ ಎಲ್ಲ ಬೀಗದ ಕೈಗಳನ್ನೂ ಸದಾಕಾಲ ಕೊಟ್ಟಿಡಬಾರದೆಂಬುದು ಅರ್ಧ ಶತಮಾನದ ಪೆಟ್ಟುಗಳಿಂದ ಯಂತ್ರಗಳನ್ನು ಕಟ್ಟುವವರು ಕಲಿತ ಪಾಠ.

ಮನೆಯಲ್ಲಿ ಕಂಪ್ಯೂಟರುಳ್ಳವರು ಇದನ್ನು ಸುಲಭವಾಗಿಯೇ ಅನುಸರಿಸಬಹುದು. ದಿನದ ಕೆಲಸಕ್ಕೂ ಮಕ್ಕಳ ಆಟಕ್ಕೂ ಸಾಮಾನ್ಯ ಬಳಕೆದಾರನ ಖಾತೆಯೊಂದನ್ನು ಇಟ್ಟುಕೊಂಡರೆ ಸಾಕು. ತಾವಾಗಿ ಏನನ್ನೂ ಆರಂಭಿಸದಿರುವಾಗ ಅಪ್ಪಣೆಯ ಪ್ರಶ್ನೆ ಕಾಣಿಸಿಕೊಂಡರೆ 'ಇಲ್ಲ' ಎನ್ನುವುದೇ ಕ್ಷೇಮ. ಡಿಸ್ಕನ್ನು ಮುಟ್ಟುವ ಮೊದಲು ಬೆಲೆಯುಳ್ಳದ್ದಕ್ಕೆಲ್ಲ ಇನ್ನೊಂದು ಪ್ರತಿಯಿರಬೇಕು. ಬೇಡದ ಡಿಸ್ಕುಗಳನ್ನು ಕಿತ್ತಿಡಬೇಕು. ಸಂಖ್ಯೆಯ ಜೊತೆಗೆ ಅಳತೆಯನ್ನೂ ಗಟ್ಟಿಯಾಗಿ ಓದಬೇಕು. ಕೆಲಸ ಮುಗಿದೊಡನೆ ಆ ಅಧಿಕಾರದ ಕಿಟಕಿಯನ್ನು ಮುಚ್ಚಬೇಕು. ಪೂಜೆ ಮುಗಿದ ಮೇಲೆ ಮಗುಟವನ್ನು ಗಳುವಿನ ಮೇಲೆ ಹಾಕಿ, ಎಲ್ಲರಂತೆ ಪಂಚೆಯುಟ್ಟು ಊಟಕ್ಕೆ ಬರುವುದರಿಂದ ಯಾವ ಯಜಮಾನನ ಗೌರವಕ್ಕೂ ಇದುವರೆಗೆ ಕುಂದು ಬಂದಿಲ್ಲ.